ಕೋಡ್‌ಗೆ 16 ಸಾಕು, ಸಹಿಗೆ 18 ಬೇಕು

ಎಲ್ರಿಗೂ ನಮಸ್ಕಾರ. ಪ್ರಿನ್ಸಿಪಾಲ್ ಸರ್ ನನ್ನನ್ನ ದೊಡ್ಡ ಉದ್ಯಮಿ ಅಂತ ಪರಿಚಯ ಮಾಡ್ಕೊಟ್ರು, ಅಷ್ಟೆಲ್ಲ ಏನಿಲ್ಲ, ಶಿವಮೊಗ್ಗದಲ್ಲಿ ಒಂದು ಬೇಕರಿ ಮೇಲಿನ ಮಹಡೀಲಿ 6 ಜನ ಕೂತ್ಕೊಂಡು ಸಾಫ್ಟ್‌ವೇರ್ ಮಾಡ್ತೀವಿ, ಮಂಡಿಯವ್ರಿಗೆ ಬಿಲ್ಲಿಂಗು, ಸೊಸೈಟಿಗಳಿಗೆ ಲೆಕ್ಕ, ಇಂಥವು. ಸಾಯಂಕಾಲ ಕೆಳಗಿಂದ ಬನ್ ಬೇಯೋ ವಾಸನೆ ಬಂತು ಅಂದ್ರೆ ಕೋಡ್ ಅಲ್ಲಿಗೇ ನಿಲ್ಲುತ್ತೆ.

ಸ್ಟಾರ್ಟಪ್ಪು, ಆ್ಯಪು, ಹೊಸ ಟೆಕ್ನಾಲಜಿ ಬಗ್ಗೆ ಮಾತಾಡಿ ಅಂದಿದ್ರು. ಇಂಥ ಭಾಷಣಕ್ಕೆ ಬಂದವ್ರು ಕನಸು ಕಾಣಿ ಅಂತಾರೆ. ಅದು ನಿಮ್ಗೆ ಸಾಕಷ್ಟಿದೆ, ಒಂದರ್ಧ ಗಂಟೆ ರೀಲ್ಸ್ ನೋಡಿದ್ರೆ ನಾಲ್ಕು ಕನಸು ಬೀಳುತ್ತೆ. ನಾನು ಸಹಿ ಬಗ್ಗೆ ಹೇಳ್ತೀನಿ. ಹೌದು, ಪೆನ್ನಲ್ಲಿ ಹಾಕ್ತೀವಲ್ಲ ಅದೇ.

ಬೆಂಗಳೂರಿನ ಸುಹಾಸ್ ಗೋಪಿನಾಥ್ ಹೆಸ್ರು ಕೆಲವ್ರು ಕೇಳಿರ್ತೀರ. 2000ನೇ ಇಸವೀಲಿ ಹುಡುಗನಿಗೆ 14 ವರ್ಷ. ಮನೇಲಿ ಕಂಪ್ಯೂಟರ್ ಇಲ್ಲ, ಸೈಬರ್ ಕೆಫೆಗೆ ಕೊಡೋಕೆ ಕೈಯಲ್ಲಿ ದುಡ್ಡೂ ಇಲ್ಲ. ಕೆಫೆಯವ್ರು ಮಧ್ಯಾಹ್ನ ಊಟಕ್ಕೆ ಅಂತ ಅಂಗಡಿ ಮುಚ್ತಿದ್ರು, ಇವ್ನು ಹೋಗಿ, ಆ ಹೊತ್ತಲ್ಲಿ ನಾನು ಅಂಗಡಿ ನೋಡ್ಕೋತೀನಿ, ಬದ್ಲಿಗೆ ನಂಗೆ ಇಂಟರ್ನೆಟ್ ಫ್ರೀ ಕೊಡಿ ಅಂದ. ನನ್ನ ಕೇಳಿದ್ರೆ ಇವ್ನ ಮೊದಲ ಬಿಸಿನೆಸ್ ಇದೇ, ಆಮೇಲೆ ಮಾಡಿದ ವೆಬ್‌ಸೈಟ್ ಅಲ್ಲ. ಅಲ್ಲೇ ಕೂತು ವೆಬ್‌ಸೈಟ್ ಮಾಡೋದು ಕಲ್ತ, ಕೂಲ್‌ಹಿಂದುಸ್ತಾನ್ ಅಂತ ಒಂದು ಸೈಟ್ ಮಾಡ್ದ, ಆಮೇಲೆ ಗ್ಲೋಬಲ್ಸ್ ಅಂತ ಕಂಪನಿ ಮಾಡೋಕೆ ಹೊರಟ. ಇಲ್ಲಿ 18 ಆಗ್ದೇ ಆಗಲ್ಲ ಅಂದ್ರು. ಕೊನೆಗೆ ಕಂಪನಿ ರಿಜಿಸ್ಟರ್ ಆಗಿದ್ದೆಲ್ಲಿ ಗೊತ್ತಾ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಊರಲ್ಲಿ. ಸೈಟ್ ಮಾಡೋಕೆ ಆ ಕೆಫೆ ಸಾಕಾಯ್ತು, ಕಾಗದಕ್ಕೆ ಮಾತ್ರ ಸಮುದ್ರ ದಾಟಬೇಕಾಯ್ತು.

ಯಾಕೆ ಹೀಗೆ ಅಂದ್ರೆ 1872ರ ಕಾಂಟ್ರಾಕ್ಟ್ ಆ್ಯಕ್ಟ್. ಮೈನರ್, ಅಂದ್ರೆ 18 ತುಂಬದವ್ರು, ಮಾಡ್ಕೊಂಡ ಒಪ್ಪಂದಕ್ಕೆ ಬೆಲೆ ಇಲ್ಲ. ಕಾಮರ್ಸ್‌ನವ್ರಿಗೆ ಮುಂದೆ ಮೋಹರಿ ಬೀಬಿ ಕೇಸ್ ಅಂತ ಬರುತ್ತೆ, ಕಲ್ಕತ್ತಾದಲ್ಲಿ ಧರ್ಮದಾಸ್ ಘೋಷ್ ಅನ್ನೋ ಮೈನರ್ ಹುಡುಗ ಮನೆ ಅಡ ಇಟ್ಟು ಸಾಲ ತಗೊಂಡ, ಆಮೇಲೆ ನಾನಿನ್ನೂ ಮೈನರ್ ಅಂತ ಕೇಸ್ ಹಾಕಿಸ್ದ, 1903ರಲ್ಲಿ ಪ್ರಿವಿ ಕೌನ್ಸಿಲ್, ಅಂದ್ರೆ ಬ್ರಿಟಿಷರ ಕಾಲದ ಕೊನೇ ಅಪೀಲಿನ ಕೋರ್ಟು, ಆ ಅಡಮಾನ ಹುಟ್ಟಿದಾಗ್ಲೇ ಸತ್ತದ್ದು ಅಂದ್ಬಿಡ್ತು. ಸಾಲ ಕೊಟ್ಟವ್ನ ದುಡ್ಡು ಹೋಯ್ತು. ಹುಡುಗ ಗೆದ್ದ ಸರಿ, ಆದ್ರೆ ನೀವೇ ಯೋಚ್ನೆ ಮಾಡಿ, ಇಂಥ ಕಾನೂನು ಇರೋವಾಗ ನಿಮ್ಮತ್ರ ಯಾರು ಅಗ್ರಿಮೆಂಟ್ ಮಾಡ್ಕೋತಾರೆ? ನಿಮ್ಮನ್ನ ಕಾಪಾಡೋಕೆ ಕಟ್ಟಿದ ಬೇಲಿ, ನಿಮ್ಮನ್ನೇ ಹೊರಗಿಡುತ್ತೆ.

ನಂದೇ ಕೇಳಿ. 17ನೇ ವಯಸ್ಸಲ್ಲಿ ಒಂದು ರೈಸ್ ಮಿಲ್‌ಗೆ ವೆಬ್‌ಸೈಟ್ ಮಾಡ್ಕೊಟ್ಟೆ, ರಾತ್ರಿಯೆಲ್ಲ ಸೈಬರ್‌ನಲ್ಲಿ ಕೂತು. ಯಜಮಾನ್ರು ತುಂಬ ಚೆನ್ನಾಗಿದೆ ಅಂದ್ರು, ಕಾಫಿ ಕೊಟ್ರು, ಮನೆಗೆ ಅಂತ 10 ಕೆಜಿ ಅಕ್ಕಿ ಕೊಟ್ರು. ದುಡ್ಡು ಇವತ್ತಿಗೂ ಬಂದಿಲ್ಲ. ಅಪ್ಪ ಮಾತ್ರ, ಅಕ್ಕಿ ಒಳ್ಳೇದಿತ್ತು ಕಣೋ ಅಂತ ಈಗ್ಲೂ ಹೇಳ್ತಾರೆ.

ಇನ್ನೊಬ್ಬ ಹುಡುಗ, ಲಂಡನ್‌ನಲ್ಲಿ, ನಿಕ್ ಡಿ'ಅಲೋಸಿಯೊ. ಹಿಸ್ಟರಿ ಪರೀಕ್ಷೆಗೆ ಓದ್ತಾ ಇದ್ದಾಗ ಗೂಗಲ್‌ನಲ್ಲಿ ಬರೋ ಪುಟ ಒಂದೊಂದೂ ತೆರೆದು ಓದೋದು ಬೇಜಾರಾಗಿ, ಉದ್ದ ಬರಹನ ಚಿಕ್ಕದು ಮಾಡೋ ಐಫೋನ್ ಆ್ಯಪ್ ಮಾಡ್ದ, 2011ರಲ್ಲಿ, ಹೆಸ್ರು ಟ್ರಿಮಿಟ್. ಅದನ್ನ ನೋಡಿ ಹಾಂಕಾಂಗ್‌ನ ಶ್ರೀಮಂತ ಲಿ ಕಾ ಶಿಂಗ್ ಅವ್ರ ಹೊರೈಜನ್ಸ್ ಅನ್ನೋ ಹೂಡಿಕೆ ಕಂಪನಿ ಕಡೆಯವ್ರು ಮೇಲ್ ಮಾಡಿದ್ರು, ಪಾಪ ಈ ಕಡೆ ಇರೋನಿಗೆ 15 ವರ್ಷ ಅಂತ ಅವ್ರಿಗೇನು ಗೊತ್ತು. ಗೊತ್ತಾದ್ಮೇಲೂ 3 ಲಕ್ಷ ಡಾಲರ್ ಹಾಕಿದ್ರು. ಆ್ಯಪ್ ಸಮ್ಲಿ ಅಂತ ಆಯ್ತು, 2013ರ ಮಾರ್ಚ್‌ನಲ್ಲಿ ಯಾಹೂ ಕೊಂಡ್ಕೊಳ್ತು, ಸುಮಾರು 3 ಕೋಟಿ ಡಾಲರ್ ಅಂತ ಪೇಪರಲ್ಲಿ ಬಂತು, ಹುಡುಗನಿಗೆ ಆಗ 17. ನಿಮ್ಮ ರೀಲ್ಸ್‌ನವ್ರು ಇಲ್ಲಿಗೇ ನಿಲ್ಲಿಸ್ತಾರೆ. ಆದ್ರೆ ಕೊಂಡ್ಕೊಂಡ ಯಾಹೂ ಮೊದ್ಲು ಮಾಡಿದ ಕೆಲ್ಸ ಆ ಆ್ಯಪ್ ಮುಚ್ಚಿದ್ದು, ಒಳಗಿದ್ದ ಟೆಕ್ನಾಲಜಿ ಅವ್ರ ನ್ಯೂಸ್ ಆ್ಯಪ್‌ಗೆ ಹೋಯ್ತು. ಯಾಹೂ ಕೊಳ್ಳೋಕೆ ಮೊದ್ಲೇ ಆ ಟೆಕ್ನಾಲಜಿ ಗಟ್ಟಿ ಮಾಡೋಕೆ ಎಸ್‌ಆರ್‌ಐ ಅನ್ನೋ ಅಮೆರಿಕದ ದೊಡ್ಡ ಸಂಶೋಧನಾ ಸಂಸ್ಥೆಯವ್ರೂ ಕೈ ಜೋಡಿಸಿದ್ರು. ಅಂದ್ರೆ ಒಬ್ಬನೇ ಹುಡುಗ ಬೆಡ್‌ರೂಮಲ್ಲಿ ಕೂತು ಮಾಡಿದ್ದು ಅನ್ನೋದು ಅರ್ಧ ಕಥೆ. ಈಗ ಆ ಚಿಕ್ಕದು ಮಾಡೋ ಕೆಲ್ಸ ಚಾಟ್‌ಜಿಪಿಟಿ ನಿಮ್ಗೆ ಫ್ರೀಯಾಗಿ ಮಾಡ್ಕೊಡುತ್ತೆ, ನೀವು ಅಸೈನ್‌ಮೆಂಟ್‌ಗೆ ಬಳಸ್ತೀರ ಅಂತ ಲೆಕ್ಚರರ್‌ಗಳಿಗೂ ಗೊತ್ತಿದೆ, ನಗಬೇಡಿ.

ಈಗ ನಮ್ಮ ಕಡೆ ಹುಡುಗನ ವಿಷ್ಯ. ಹೋದ ವರ್ಷ ಸೆಕೆಂಡ್ ಪಿಯು ಹುಡುಗ ಒಬ್ಬ ಆಫೀಸಿಗೆ ಬಂದ, ಅಣ್ಣ, ಅಡಿಕೆ ರೇಟ್ ತೋರ್ಸೋ ಆ್ಯಪ್ ಮಾಡಿದೀನಿ, ಎಐ ಇದೆ, ಮುಂದಿನ ವಾರದ ರೇಟೂ ಹೇಳುತ್ತೆ ಅಂದ. ನಾನು ಅಂದೆ, ಮಾರಾಯ, ಅದು ಗೊತ್ತಿದ್ರೆ ನೀನು ಆ್ಯಪ್ ಯಾಕೆ ಮಾಡ್ತೀಯ, ಅಡಿಕೆ ತಗೊಂಡಿಡು. ಮೊದ್ಲು ನಿಮ್ಮಜ್ಜನಿಗೆ ತೋರ್ಸು ಅಂತ ಕಳ್ಸಿದೆ. ಅಜ್ಜ ಕನ್ನಡಕ ಹಾಕ್ಕೊಂಡು ನೋಡಿ ಕೇಳಿದ್ದು ಎರಡೇ ಪ್ರಶ್ನೆಯಂತೆ, ಅಡಿಕೆಯಲ್ಲಿ ಇದು ಯಾವ ಬಗೆ, ರಾಶಿನೋ ಬೆಟ್ಟೆನೋ ಗೊರಬಲೋ? ಆಮೇಲೆ, ಇದು ಹೆಚ್ಚಿನ ರೇಟೋ, ಎಲ್ರಿಗೂ ಸಿಕ್ಕಿದ ರೇಟೋ? ಹುಡುಗ ಬರೀ ಅಡಿಕೆ ಅಂತ ಒಂದೇ ನಂಬರ್ ಹಾಕಿದ್ದ, ಅದೂ ಗರಿಷ್ಠದ್ದು. ಒಂದು ಮೂಟೆಗೆ ಸಿಕ್ಕಿದ ರೇಟ್ ನೋಡ್ಕೊಂಡು ಊರೋರೆಲ್ಲ ಅಡಿಕೆ ತುಂಬ್ಕೊಂಡು ಹೋದ್ರೆ ಏನಾಗುತ್ತೆ ಹೇಳಿ. ವಾಪಸ್ ಬಂದು ಎಐ ತೆಗ್ದ, ಜಾತಿವಾರು ಕನಿಷ್ಠ, ಗರಿಷ್ಠ, ಸಾಮಾನ್ಯವಾಗಿ ನಡೆದ ರೇಟು, ಮೂರು ಕಾಲಂ ಹಾಕ್ದ. ನೋಡೋಕೆ ರೇಷನ್ ಅಂಗಡಿ ಬೋರ್ಡ್ ಥರ ಇತ್ತು. ನಂಗೆ ಅದೇ ಇಷ್ಟ ಆಯ್ತು.

ಆಮೇಲೆ ಶುರುವಾಯ್ತು ಸಹಿ ಕಾಟ. ಪ್ಲೇ ಸ್ಟೋರ್‌ಗೆ ಹಾಕೋ ಅಕೌಂಟಿಗೆ ಒಂದೇ ಸಲ 25 ಡಾಲರ್, ಅದು ಹೇಗೋ ಹೊಂದಿಸ್ಬಹುದು, ಆದ್ರೆ 18 ಆಗಿರ್ಬೇಕು, ಗುರುತಿನ ಚೀಟಿನೂ ಕೇಳ್ತಾರೆ. ಅಪ್ಪನ ಕೇಳಿದ್ರೆ ಮೊದ್ಲು ಸಿಇಟಿ ನೋಡ್ಕೋ ಅಂದ್ರು. ಅಮ್ಮನ ಹೆಸ್ರಲ್ಲಿ ಮಾಡ್ಸಿದ್ವಿ. ಒಂದು ಮಾತು, ಮನೆಯವ್ರಿಗೆ ಗೊತ್ತಿಲ್ದೆ ಅವ್ರ ಆಧಾರ್ ಫೋಟೋ ತೆಗ್ದು ಹಾಕೋ ಬುದ್ಧಿವಂತಿಕೆ ಮಾಡ್ಬೇಡಿ, ನಾನು ನೋಡಿದೀನಿ ಅಂಥವ್ರನ್ನ. ನಾವು ಅಮ್ಮನ್ನ ಕೂರ್ಸಿ ಒಂದೊಂದು ಪೇಜೂ ಕನ್ನಡದಲ್ಲಿ ಹೇಳಿದ್ವಿ, ಎರಡು ಗಂಟೆ ಹಿಡೀತು, ಮಧ್ಯ ಎದ್ದು ಹೋಗಿ ಹಾಲು ಕರ್ದೂ ಬಂದ್ರು.

ಅಷ್ಟಕ್ಕೂ ಮುಗೀಲಿಲ್ಲ. ಹೊಸ ವೈಯಕ್ತಿಕ ಅಕೌಂಟ್ ಆದ್ರೆ ಕನಿಷ್ಠ 12 ಜನ ಸತತ 14 ದಿನ ಆ್ಯಪ್ ಟೆಸ್ಟ್ ಮಾಡ್ಬೇಕು, ಆಮೇಲೇ ಎಲ್ರಿಗೂ ಬಿಡೋಕೆ ಅರ್ಜಿ. ಹುಡುಗ ಕ್ಲಾಸ್‌ಮೇಟ್ಸ್‌ಗೆ ಹೇಳ್ದ, ಮೂರನೇ ದಿನಕ್ಕೆ ಅರ್ಧ ಜನ ಡಿಲೀಟ್, ಗೇಮಿಗೆ ಜಾಗ ಇಲ್ಲ ಅಂತ. ಆಗ ಅಮ್ಮನೇ ಅವ್ರ ಸ್ತ್ರೀಶಕ್ತಿ ಸಂಘದಲ್ಲಿ ಹೇಳಿದ್ರು. ಅಲ್ಲಿಂದ 9 ಜನ ಬಂದ್ರು, ಒಬ್ರೂ ತೆಗೀಲಿಲ್ಲ, ಸಂಘದ ವಿಷ್ಯ ಅಂದ್ರೆ ಹಾಗೆ.

ಈಗ ಆ್ಯಪ್ ಇದೆ, ಒಂದು ರೂಪಾಯಿ ದುಡಿದಿಲ್ಲ, ದುಡಿಯುತ್ತೆ ಅಂತ ನಾನೂ ಹೇಳಲ್ಲ. ಸಂಜೆ ಸಂಜೆ ರೇಟ್ ಹುಡುಗನೇ ಕೈಯಲ್ಲಿ ಹಾಕ್ತಿದ್ದ. ಪರೀಕ್ಷೆ ಟೈಮಲ್ಲಿ ನಿಂತ್ಹೋಯ್ತು. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಮಾಡಿದವ್ರು ಅಂತ ಇರೋದು ಅಮ್ಮನ ಹೆಸ್ರು ನೋಡಿ, ಸಂಘದವ್ರು ಹಾಲಿನ ಡೈರಿ ಹತ್ರ ಅವ್ರನ್ನೇ ಹಿಡ್ಕೊಂಡ್ರು, ಏನ್ರೀ, ನಿಮ್ ಆ್ಯಪಲ್ಲಿ ಎರಡು ದಿನದಿಂದ ರಾಶಿ ರೇಟ್ ಬದ್ಲಾಗಿಲ್ವಲ್ಲ ಅಂತ. ಅವತ್ತು ರಾತ್ರಿ ನಂಗೆ ಫೋನ್ ಬಂತು. ಹುಡುಗಂದು ಅಲ್ಲ, ಅಮ್ಮಂದು. ರೇಟ್ ಎಲ್ಲಿ ಟೈಪ್ ಮಾಡ್ಬೇಕು, ಹೇಳ್ಕೊಡಿ ಅಂದ್ರು.