ಕಿಟಕಿಯ ಪಕ್ಕ ಆರು ಫೋಟೊ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಒಬ್ಬ ಹುಡುಗಿ ನನ್ನ ಫೋಟೊ ಸ್ಟುಡಿಯೊಗೆ ಬಂದಿದ್ದಳು. ಮಾಡೆಲ್ ಆಗಬೇಕು ಅನ್ನೋ ಆಸೆ. ಕೈಯಲ್ಲೊಂದು ದಪ್ಪ ಆಲ್ಬಂ, ಒಳಗೆ 40 ಫೋಟೊ. ಎಲ್ಲವನ್ನೂ ಮೇಜಿನ ಮೇಲೆ ಹರಡಿದೆವು. ಬಟ್ಟೆ ಬೇರೆ ಬೇರೆ, ಮೇಕಪ್ ಬೇರೆ ಬೇರೆ. ಆದರೆ 31 ಫೋಟೊಗಳಲ್ಲಿ ತಲೆ ಎಡಕ್ಕೇ ವಾಲಿತ್ತು. ಅದೇ ವಾಲು, ಅದೇ ಅರ್ಧ ನಗು. ಬೆರಳಿಟ್ಟು ತೋರಿಸಿದೆ. "ಅಯ್ಯೋ, ಹೌದಲ್ಲಾ ಮೇಡಂ" ಅಂದಳು. ಮುಖ ಸಪ್ಪಗಾಯಿತು. ಒಂದು ವರ್ಷ ಕೂಡಿಟ್ಟ ಹಣ ಆ ಆಲ್ಬಂಗೆ ಹೋಗಿತ್ತು.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅಂಥ ಮಕ್ಕಳ ಜೊತೆ, ಅವರ ಅಪ್ಪ ಅಮ್ಮಂದಿರ ಜೊತೆ.

ಶುರುವಿನಲ್ಲಿ ಆಲ್ಬಂ ಬೇಡವೇ ಬೇಡ. ಮಾಡೆಲ್‌ಗಳಿಗೆ ಕೆಲಸ ಹುಡುಕಿಕೊಡುವ ಏಜೆನ್ಸಿಯವರು ಮೊದಲು ಕೇಳುವುದು ನಿಮ್ಮ ಸಾದಾ ಫೋಟೊಗಳನ್ನು. ನಮ್ಮ ಕಸುಬಿನಲ್ಲಿ ಅವಕ್ಕೆ ಡಿಜಿಟಲ್ಸ್ ಅಂತಾರೆ. ಹಳಬರು ಈಗಲೂ ಪೋಲರಾಯ್ಡ್ ಅನ್ನುತ್ತಾರೆ. ಒಂದು ಕಾಲದಲ್ಲಿ ಅವನ್ನು ಪೋಲರಾಯ್ಡ್ ಕಂಪನಿಯ ಕ್ಯಾಮೆರಾದಲ್ಲೇ ತೆಗೆಯುತ್ತಿದ್ದರು. ಚಿತ್ರ ಕೂಡಲೇ ಕೈಗೆ ಬರುತ್ತಿತ್ತು, ತಿದ್ದಲು ಜಾಗವೇ ಇರಲಿಲ್ಲ. 2008ರಲ್ಲಿ ಆ ಕಂಪನಿ ಫಿಲಂ ತಯಾರಿಸುವುದನ್ನೇ ನಿಲ್ಲಿಸಿತು, ಹೆಸರು ಮಾತ್ರ ಉಳಿದುಕೊಂಡಿತು. ತಿದ್ದದ ಮುಖ ನೋಡಬೇಕು ಅನ್ನೋ ಆಸೆಯೂ ಹಾಗೇ ಉಳಿದಿದೆ.

ಇದನ್ನು ಮನೆಯಲ್ಲೇ ತೆಗೆಯಬಹುದು. ದೊಡ್ಡ ಕಿಟಕಿ ಇರುವ ಕೋಣೆ ನೋಡಿಕೊಳ್ಳಿ. ನೇರ ಬಿಸಿಲು ಒಳಗೆ ಬೀಳದ ಹೊತ್ತು ಆಗಬೇಕು. ಕೋಣೆಯ ದೀಪ ಆರಿಸಿ, ಇಲ್ಲದಿದ್ದರೆ ಚರ್ಮದ ಬಣ್ಣ ಕೆಡುತ್ತದೆ. ಖಾಲಿ ಗೋಡೆಯಿಂದ ಎರಡು ಮೂರು ಅಡಿ ಮುಂದೆ ನಿಲ್ಲಿ, ಆಗ ಬೆನ್ನ ಹಿಂದೆ ನೆರಳು ಬೀಳುವುದಿಲ್ಲ. ಮೈಗೆ ಅಂಟಿ ಕೂರುವ ಸಾದಾ ಟೀ ಶರ್ಟ್, ಜೀನ್ಸ್. ಮುಖ ತೊಳೆದಿರಬೇಕು, ಅಷ್ಟೇ. ಫೋನಿನಲ್ಲಿ ಬ್ಯೂಟಿ ಮೋಡ್ ಆಫ್ ಮಾಡುವುದನ್ನು ಮರೆಯಬೇಡಿ. ಸುಮಾರು ಫೋನುಗಳು ನಮ್ಮನ್ನು ಕೇಳದೇ ಚರ್ಮ ನುಣುಪು ಮಾಡಿಬಿಡುತ್ತವೆ. ತೆಗೆಯುವವರು ಏಳೆಂಟು ಅಡಿ ಹಿಂದೆ ನಿಲ್ಲಲಿ. ತೀರಾ ಹತ್ತಿರ ಬಂದರೆ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಮುಖ ಎದುರಿನಿಂದ, ಮುಖ ಪಕ್ಕದಿಂದ, ಒಂದು ನಗು. ಪೂರ್ತಿ ಮೈ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಆರು ಫೋಟೊ ಸಾಕು.

ಇದರ ಜೊತೆ ನಿಮ್ಮ ಅಳತೆ ಬೇಕು. ಬರಿಗಾಲಿನ ಎತ್ತರ, ಎದೆ, ಸೊಂಟ, ಹಿಪ್, ಶೂ ಸೈಜ್. ಒಂದೇ ಒಂದು ಇಂಚು ಕೂಡ ಸೇರಿಸಬೇಡಿ, ಕಳೆಯಬೇಡಿ. ಶೂಟಿಂಗಿನ ಬಟ್ಟೆ ಆ ಅಳತೆ ನೋಡಿಯೇ ಬರುತ್ತದೆ. ಜಿಪ್ ಮೇಲೆ ಹತ್ತದಿದ್ದರೆ ಲೈಟಿನವರು, ಮೇಕಪ್‌ನವರು, ಬಟ್ಟೆಯವರು ಎಲ್ಲರೂ ನಿಂತು ನೋಡಬೇಕಾಗುತ್ತದೆ. ಎತ್ತರದ ಚಿಂತೆ ಜಾಸ್ತಿ ಮಾಡುವವರಿಗೆ ಒಂದು ಮಾತು. ಫ್ಯಾಷನ್ ಶೋಗಳಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ 5 ಅಡಿ 8 ಇಂಚಿನ ಮೇಲೆ, ಗಂಡುಮಕ್ಕಳಿಗೆ ಹೆಚ್ಚು ಕಡಿಮೆ 6 ಅಡಿ ಕೇಳುತ್ತಾರೆ. ಜಾಹೀರಾತಿನಲ್ಲಿ ಹಾಗಿಲ್ಲ. ಅಲ್ಲಿ ಅಜ್ಜಿಯೂ ಬೇಕು, ಕನ್ನಡಕದ ಮೇಷ್ಟ್ರೂ ಬೇಕು. ಉಂಗುರ, ಗಡಿಯಾರದ ಜಾಹೀರಾತಿಗೆ ಬರೀ ಕೈ ತೋರಿಸಿ ದುಡಿಯುವವರೂ ಇದ್ದಾರೆ.

ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಒಳ್ಳೆಯ ಫೋಟೊಗಳ ಸಂಗ್ರಹ, ಆಮೇಲೆ ನಿಧಾನಕ್ಕೆ ಬೆಳೆಯುತ್ತದೆ. ಹೊಸ ಫೋಟೊಗ್ರಾಫರ್, ಹೊಸ ಮೇಕಪ್ ಕಲಾವಿದೆ, ಹೊಸ ಮಾಡೆಲ್ ಒಟ್ಟಿಗೆ ಸೇರಿ ಟೆಸ್ಟ್ ಶೂಟ್ ಮಾಡುತ್ತಾರೆ. ಎಷ್ಟೋ ಸಲ ಯಾರೂ ಯಾರಿಗೂ ಹಣ ಕೊಡುವುದಿಲ್ಲ, ಫೋಟೊ ಎಲ್ಲರಿಗೂ ಸಿಗುತ್ತದೆ. ಆ ಫೋಟೊ ಎಲ್ಲೆಲ್ಲಿ ಬಳಸಬಹುದು ಅನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಓದದೇ ಸಹಿ ಹಾಕಬೇಡಿ. ಗೊತ್ತಿಲ್ಲದ ಕಡೆ ಒಬ್ಬರೇ ಹೋಗಬೇಡಿ. ಜೊತೆಗೆ ಯಾರೂ ಬರಬಾರದು ಅಂತ ಹೇಳುವ ಫೋಟೊಗ್ರಾಫರ್ ಹತ್ತಿರ ಹೋಗುವುದೇ ಬೇಡ. ಹೀಗೆ ಕೂಡಿದ ಫೋಟೊಗಳಿಂದ ಹತ್ತು ಹನ್ನೆರಡು ಆರಿಸಿದರೆ ಬೇಕಾದಷ್ಟಾಯಿತು. ಒಂದರಂತೆ ಇನ್ನೊಂದು ಇರಬಾರದು. ನೋಡುವವರು ನಿಮ್ಮ ದುರ್ಬಲ ಫೋಟೊವನ್ನೇ ನೆನಪಿಟ್ಟುಕೊಳ್ಳುತ್ತಾರೆ, ನಾನಂತೂ ಹಾಗೇ. ಕಾಸ್ಟಿಂಗ್‌ಗೆ, ಅಂದರೆ ಮಾಡೆಲ್‌ಗಳನ್ನು ಆರಿಸುವ ಕಡೆಗೆ, ಹೋದಾಗ ಕೊಟ್ಟು ಬರಲು ಒಂದು ಕಾಂಪ್ ಕಾರ್ಡ್ ಇರಲಿ. ಮುಂದೆ ಒಂದು ಮುಖ, ಹಿಂದೆ ಮೂರು ನಾಲ್ಕು ಫೋಟೊ, ಕೆಳಗೆ ಅಳತೆ.

ಇನ್ನು ಹಣದ ವಿಷಯ. 1946ರಲ್ಲಿ ನ್ಯೂಯಾರ್ಕಿನಲ್ಲಿ ಐಲೀನ್ ಫೋರ್ಡ್ ಮತ್ತು ಅವರ ಗಂಡ ಜೆರ್ರಿ ಒಂದು ಏಜೆನ್ಸಿ ಶುರು ಮಾಡಿದರು. ಆಗ ಮಾಡೆಲ್‌ಗಳು ಸಂಬಳಕ್ಕಾಗಿ ತುಂಬಾ ದಿನ ಕಾಯಬೇಕಿತ್ತು. ಇವರು ಮಾಡೆಲ್‌ಗೆ ಮೊದಲು ತಾವೇ ಹಣ ಕೊಟ್ಟು, ಆಮೇಲೆ ಕೆಲಸ ಕೊಟ್ಟವರಿಂದ ವಸೂಲಿ ಮಾಡಿಕೊಳ್ಳುತ್ತಿದ್ದರು. ಸರಿಯಾದ ಏಜೆನ್ಸಿಗೆ ನೀವು ದುಡಿದಾಗಲೇ ಆದಾಯ. ನಿಮ್ಮ ಸಂಬಳದಲ್ಲಿ ಒಂದು ಪಾಲು, ಎಷ್ಟೋ ಕಡೆ ಶೇಕಡಾ 20, ಅವರಿಗೆ ಹೋಗುತ್ತದೆ. ಸೇರಿಸಿಕೊಳ್ಳುವುದಕ್ಕೇ ಹಣ ಕೇಳಿದರೆ, ನಮ್ಮ ಫೋಟೊಗ್ರಾಫರ್ ಹತ್ತಿರವೇ ತೆಗೆಸಬೇಕು ಅಂದರೆ, ಎದ್ದು ಬಂದುಬಿಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನಗೆ ಇಪ್ಪತ್ಮೂರು ವರ್ಷವಾಗಿದ್ದಾಗ ಅಂಥ ಒಂದು ಕಡೆ ಮೂರು ತಿಂಗಳು ಆ ಫೋಟೊಗ್ರಾಫರ್ ನಾನೇ ಆಗಿದ್ದೆ. ದಿನಕ್ಕೆ ಎಂಟು ಜನ ಬರುತ್ತಿದ್ದರು, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಯೋಚಿಸಲು ಪುರುಸೊತ್ತೇ ಇಲ್ಲ. ಎಲ್ಲರಿಗೂ ಒಂದೇ ಮಾತು: "ತಲೆ ಸ್ವಲ್ಪ ಎಡಕ್ಕೆ ವಾಲಿಸಮ್ಮಾ, ಚೂರು ನಗು." ಅವರಲ್ಲಿ ಒಬ್ಬರಿಗೂ ಕೆಲಸ ಸಿಕ್ಕಿದ್ದು ನನಗೆ ಗೊತ್ತಿಲ್ಲ. ಆ ಹುಡುಗಿಯ ಆಲ್ಬಂ ಬಿಚ್ಚಿದ ಕೂಡಲೇ ಹೊಟ್ಟೆಯಲ್ಲಿ ಸಂಕಟವಾಯಿತು.

ಅವಳನ್ನು ಕಿಟಕಿಯ ಹತ್ತಿರ ಕರೆದೆ. ಮುಖ ತೊಳೆದು ಬಂದಳು. ಮೊದಲ ಫೋಟೊದಲ್ಲಿ ತಲೆ ಎಡಕ್ಕೆ ವಾಲಿತು. ಎರಡನೆಯದರಲ್ಲೂ ವಾಲಿತು. ನಾನು ಏನೂ ಹೇಳಲಿಲ್ಲ. ಊಟ ಆಯ್ತಾ, ತಮ್ಮ ಏನು ಓದ್ತಿದ್ದಾನೆ ಅಂತ ಸುಮ್ನೆ ಮಾತಾಡಿಸುತ್ತಾ ತೆಗೆಯುತ್ತಾ ಹೋದೆ. ಐದನೆಯದಕ್ಕೆ ಅವಳಿಗೆ ಕ್ಯಾಮೆರಾ ಮರೆತೇ ಹೋಗಿತ್ತು. ಆರನೆಯದರಲ್ಲಿ ಕತ್ತು ನೆಟ್ಟಗಿತ್ತು, ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿದ್ದವು.

ನಮಸ್ಕಾರ.