ಕಾಯೋ ದಿನಾನೂ ಲೆಕ್ಕದಾಗ ಬರೀರಿ

ಶರಣು ಶರಣಾರ್ಥಿ ಎಲ್ಲಾರಿಗೂ. ಕಲಬುರಗಿ, ಬೀದರ್, ಯಾದಗಿರಿ ಕಡಿ ಅಂಗಡಿ ಕಾಂಪ್ಲೆಕ್ಸೋ ಲಾಡ್ಜೋ ಫಂಕ್ಷನ್ ಹಾಲೋ ಕಟ್ಟಸ್ಬೇಕು ಅಂತ ಪ್ಲಾಟ್ ತಗೊಂಡು ಕುಂತೀರಲ್ಲ, ನಿಮಗಂತಲೇ ಇವತ್ತ ಮಾತಾಡ್ಲಿಕ್ಕ ಬಂದೀನ್ರಿ. ನಂದು ಒಂದೇ ಮಾತು. ಕಟ್ಟಡದಾಗ ಕಾಯೋ ದಿನಾನೂ ಕೆಲಸದ ದಿನಾನೇ. ಅದನ್ನ ಕ್ಯಾಲೆಂಡರ್ ಮ್ಯಾಲ ಬರೀರಿ.

ನಮ್ಮ ಮಂದಿ ಏನ್ ಮಾಡ್ತಾರಂದ್ರ ಮೊದ್ಲು ಓಪನಿಂಗ್ ಮುಹೂರ್ತ ತಗಸ್ತಾರ, ಆಮ್ಯಾಲ ಅಲ್ಲಿಂದ ಹಿಂದಕ್ಕ ಎಣಸ್ತಾರ, ಸ್ಲ್ಯಾಬಿಗೆ ಎಷ್ಟು ಉಳೀತು, ಗಿಲಾವಿಗೆ ಎಷ್ಟು ಉಳೀತು ಅಂತ. ಹಂಗ ಎಣಿಸಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಪಾಯದಿಂದ ಮುಂದಕ್ಕ ಎಣಿಸ್ರಿ, ಲೆಕ್ಕ ಎಲ್ಲಿಗೆ ಮುಟ್ಟತದೋ ಅದೇ ನಿಮ್ಮ ತಾರೀಖು.

ಒಬ್ರು ಬಟ್ಟಿ ಅಂಗಡಿ ಸಾವ್ಕಾರ್ರದು ಹೇಳ್ತೀನಿ, ಹೆಸರು ಬ್ಯಾಡ, ಭಾಳ ಒಳ್ಳೆ ಮನುಷ್ಯಾರು. ದೀಪಾವಳಿ ಮುಗದ ಮ್ಯಾಲ ಕೆಲಸ ಸುರು ಮಾಡಿದ್ರು, ಗ್ರೌಂಡ್ ಮತ್ತ ಮ್ಯಾಲ ಎರಡು ಫ್ಲೋರ್, ಬಸವ ಜಯಂತಿಗಿ ಓಪನಿಂಗ್ ಅಂತ. ಹಳೆ ಅಂಗಡಿ ಮಾಲಕರಿಗೆ ಬಿಟ್ಟು ಹೋಗ್ತೀನಿ ಅಂತ ಮೊದಲೇ ಹೇಳಿಬಿಟ್ಟಿದ್ರು. ಸೈಟ್ ಇಂಜಿನಿಯರ್ ನಾನೇ ಇದ್ದೆ, ಐದೂವರೆ ತಿಂಗಳಾಗ ಆಗಂಗಿಲ್ಲ ಅಂತ ಅವತ್ತೇ ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ, ಅದು ನನಗ ಇವತ್ತಿಗೂ ಚುಚ್ಚತದ.

ಪಾಯಾ ತೋಡಿದ್ರ ಬರೇ ಎರಿ ಮಣ್ಣು. ನಮ್ಮ ಎರಿ ಮಣ್ಣು ಗೊತ್ತಲ್ಲ, ಮಳಿಗಿ ಉಬ್ಬತದ, ಬ್ಯಾಸಗಿಗಿ ಕೈ ಹೋಗುವಷ್ಟು ಬಿರಕು ಬಿಡ್ತದ, ಅದರ ಮ್ಯಾಲ ಫೂಟಿಂಗ್, ಅಂದ್ರ ಕಾಲಮ್ಮಿನ ಬುಡ, ಇಡ್ಲಿಕ್ಕ ಬರಂಗಿಲ್ಲ. ಗಟ್ಟಿ ಮುರುಮ್, ಅಂದ್ರ ಗರಸು ಮಣ್ಣು, ಸಿಗೂತನ ಹೋಗಬೇಕು, ಅದು ಸಿಕ್ಕಿದ್ದು 9 ಫೂಟ್ ಕೆಳಗ. ಅಷ್ಟರಾಗ ತೊಗರಿ ರಾಶಿ ಬಂತು. 22 ಮಂದಿ ಇದ್ದ ಸೈಟಿನಾಗ ಒಂದು ಸೋಮವಾರ ಮುಂಜಾನಿ ನೋಡಿದ್ರ 7 ಮಂದಿ! ಉಳಿದವ್ರು ಸುರಪುರ, ಗುರುಮಠಕಲ್ ಕಡಿ ಊರಿಗೆ ಹೋಗಿಬಿಟ್ಟಿದ್ರು. ಅವರದು ಏನೂ ತಪ್ಪಿಲ್ರಿ, ಹೊಲದಾಗಿನ ತೊಗರಿ ಕಾಯ್ತದೇನು? ತಪ್ಪು ನಮ್ದು, ಡಿಸೆಂಬರ್ ಜನವರಿ ರಾಶಿ ಅಂತ ಗೊತ್ತಿದ್ದೂ ಬರದಿಟ್ಟಿದ್ದಿಲ್ಲ.

ಅಂತೂ ಫೆಬ್ರುವರಿ ನಡುವ ಮೊದಲನೇ ಸ್ಲ್ಯಾಬ್ ಬಿತ್ತು. 18 ಫೂಟ್ ಸ್ಪ್ಯಾನ್, ಅಂದ್ರ ಒಂದು ಆಸರಿಯಿಂದ ಇನ್ನೊಂದಕ್ಕ ಸುಮಾರು ಐದೂವರೆ ಮೀಟರ್. ಸ್ಲ್ಯಾಬಿನ ಸ್ಪ್ಯಾನ್ ನಾಲ್ಕೂವರೆ ಮೀಟರ್ ದಾಟಿದ್ರ ಕೆಳಗಿನ ಸಪೋರ್ಟ್ 14 ದಿನ ಇರಬೇಕು ಅಂತ ಕಾಂಕ್ರೀಟ್ ಕೆಲಸದ ನಿಯಮದ ಪುಸ್ತಕ ಐಎಸ್ 456 ಹೇಳ್ತದ, ಆರು ಮೀಟರ್ ದಾಟಿದ ಬೀಮಿಗೆ 21 ದಿನ. ಸಾವ್ಕಾರ್ರಿಗೆ ಸೆಂಟ್ರಿಂಗಿಂದು, ಅಂದ್ರ ಆ ಸಪೋರ್ಟ್ ಹಲಗಿ ಸಾಮಾನಿಂದು, ದಿನದ ಬಾಡಿಗಿ ಕಣ್ಣಿಗಿ ಕಾಣತಿತ್ತು. ನಾನು ಬೀದರಿಗೆ ಬ್ಯಾರೆ ಕೆಲಸಕ್ಕ ಹೋದ ದಿನ, ಆರನೇ ದಿನ ಅದು, ಮೇಸ್ತ್ರಿಗಿ ಹೇಳಿ ನಡುವಿನ ಸಪೋರ್ಟ್ ಬಿಚ್ಚಿಸಿ ಮ್ಯಾಲಿನ ಫ್ಲೋರಿಗೆ ಒಯ್ಯಿಸಿಬಿಟ್ರು.

ಮರುದಿನ ನಾನು ಬಂದು ಸ್ಲ್ಯಾಬ್ ಹತ್ತಿದೆ. ಕ್ಯೂರಿಂಗಿಗೆ, ಅಂದ್ರ ಕಾಂಕ್ರೀಟ್ ಹಸಿ ಇಡ್ಲಿಕ್ಕ ಅಂತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ್ವಿ. ಎಲ್ಲಾ ಕಡಿ ಒಂದೇ ಸಮ ನಿಂತಿರಬೇಕಾದ ನೀರು ಅಂಚಿನ್ಯಾಗ ಒಣಗಿ ನಡುವ ಬಂದು ಕುಂತಿತ್ತು, ಬಟ್ಟಲದಾಗ ನಿಂತಂಗ. ನನ್ನ ಎದಿ ಝಲ್ ಅಂತು. ಕೆಳಗ ಇಳದು ಟಾರ್ಚ್ ಹಾಕಿ ನೋಡಿದ್ರ ಕೂದಲೆಳಿಯಷ್ಟು ಬಿರಕು, ಗ್ವಾಡಿಯಿಂದ ಗ್ವಾಡಿಗಿ. ಅವತ್ತು ಕೆಳಗ ಇಟ್ಟಂಗಿ ಕೆಲಸದ ಹೆಣ್ಮಕ್ಕಳು ಕುಂತು ಬುತ್ತಿ ಉಣ್ಣಲಿಕತ್ತಿದ್ರು. ಮೊದ್ಲು ಅವರನ್ನ ಎಬ್ಬಿಸಿ ಹೊರಗ ಕಳಸಿದೆ.

ಮತ್ತ ಸಪೋರ್ಟ್ ಹಚ್ಚಿ, ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ಟೆಸ್ಟ್ ಮಾಡಿಸಿ, ಕೆಳಗ ಎರಡು ಕಬ್ಬಿಣದ ಬೀಮ್ ಕೂಡಿಸಿ ಮುಗಿಯೋ ಹೊತ್ತಿಗೆ 45 ದಿನ ಹೋದ್ವು. ಎಂಟು ದಿನ ಉಳಸ್ಲಿಕ್ಕ ಹೋಗಿ 45 ದಿನ! ಬಸವ ಜಯಂತಿ ಹೋಯ್ತು, ಮಳಿ ಬಂತು, ಹಳೆ ಅಂಗಡಿ ಖಾಲಿ ಮಾಡಿ ಮಾಲೆಲ್ಲಾ ಗೋಡೌನಿನಾಗ. ಓಪನಿಂಗ್ ಆಗಿದ್ದು ದಸರಾಕ್ಕ. ಅದಕ್ಕ ಮತ್ತ ಹೇಳ್ತೀನಿ, ಆ 14 ದಿನ ಸುಮ್ನ ಕುಂತ ದಿನ ಅಲ್ರಿ, ಒಳಗ ಕಾಂಕ್ರೀಟ್ ಗಟ್ಟಿ ಆಗಲಿಕತ್ತಿರ್ತದ, ಅದೇ ಕೆಲಸ.

ಟೈಮ್ ಭಾಳ ಹೋಯ್ತು, ಉಳಿದಿದ್ದು ಬ್ಯಾಗ ಹೇಳ್ತೀನಿ. ಪಾಯದ ಕೆಲಸ ಜೂನ್ ಒಳಗ ಮ್ಯಾಲ ಬಂದಿರಬೇಕು, ಇಲ್ಲಂದ್ರ ಗುಂಡಿ ತುಂಬತಾವ, ಎರಿ ಮಣ್ಣಾಗ ಟಿಪ್ಪರ್ ಹೂತು ಕುಂದರತದ, ನಮ್ಮ ಕಡಿ ಹೆಚ್ಚಿನ ಮಳಿ ಸೆಪ್ಟೆಂಬರ್‌ನಾಗ ಅನ್ನೋದು ಮರೀಬ್ಯಾಡ್ರಿ. ಏಪ್ರಿಲ್ ಮೇದಾಗ ನಡು ಮಧ್ಯಾಹ್ನ ಸ್ಲ್ಯಾಬ್ ಹಾಕಬ್ಯಾಡ್ರಿ, ಹಾಕೋ ಹೊತ್ತಿಗೆ ಕಾಂಕ್ರೀಟ್ 40 ಡಿಗ್ರಿ ದಾಟಬಾರದು, ನಸುಕಿನಾಗ ಹಾಕ್ರಿ, 10 ದಿನ ಗೋಣಿತಟ್ಟು ತೊಯ್ಸಿ ಇಡ್ರಿ, ಟ್ಯಾಂಕರ್ ನೀರಿನ ಖರ್ಚೂ ಹಿಡೀರಿ. ಹೋಳಿ ಹುಣ್ಣಿಮಿಗಿ ಬಿಹಾರ, ಯುಪಿ ಟೈಲ್ಸ್ ಹುಡುಗರು ಊರಿಗೆ ಹೋಗ್ತಾರ, ಅದರ ಬೆನ್ನಿಗೇ ನಮ್ಮ ಶರಣಬಸವೇಶ್ವರ ಜಾತ್ರಿ, ಆ ದಿನಾನೂ ಬರೀರಿ. ಲಿಫ್ಟು, ಟ್ರಾನ್ಸ್‌ಫಾರ್ಮರ್, ಫೈರ್ ಎನ್‌ಒಸಿ (ಅಗ್ನಿಶಾಮಕದವ್ರ ಒಪ್ಪಿಗಿ ಪತ್ರ) ಇವನ್ನ ಸ್ಲ್ಯಾಬ್ ಮುಗದ ಮ್ಯಾಲ ನೋಡೋಣು ಅಂತೀರಲ್ಲ, ಯಾಕ್ರಿ ಹಂಗ ಮಾಡ್ತೀರಿ? ಪಾಯಾ ತೋಡೋ ದಿನಾನೇ ಅರ್ಜಿ, ಆರ್ಡರ್ ಸುರು ಮಾಡ್ರಿ. ಇಷ್ಟೆಲ್ಲಾ ಎಣಿಸಿ 10 ತಿಂಗಳು ಅಂತ ಬಂದ್ರ 12 ಅಂತ ಇಟ್ಕೋರಿ, ಓಪನಿಂಗ್ ಕಾರ್ಡ್ ಮಾತ್ರ ಗಿಲಾವು ಮುಗದ ಮ್ಯಾಲ ಪ್ರಿಂಟ್ ಮಾಡಸ್ರಿ.

ಆ ಸಾವ್ಕಾರ್ರು ಈಗ ಸೇಡಂ ರೋಡಿಗೆ ಎರಡನೇ ಬಿಲ್ಡಿಂಗ್ ಕಟ್ಟಲಿಕತ್ಯಾರ. ಹೋದ ವಾರ ಹೋಗಿದ್ದೆ. ಪ್ರತಿ ಕಾಲಮ್ ಮ್ಯಾಲ, ಪ್ರತಿ ಬೀಮಿನ ಬಾಜು, ಕಾಂಕ್ರೀಟ್ ಹಾಕಿದ ತಾರೀಖು, ಸಪೋರ್ಟ್ ಬಿಚ್ಚೋ ತಾರೀಖು ಎರಡೂ ಕೆಂಪು ಬಣ್ಣದಾಗ ತಾವೇ ನಿಂತು ಬರಸ್ಯಾರ. ಮೇಸ್ತ್ರಿ ಎರಡು ದಿನ ಮೊದ್ಲು ಬಿಚ್ಚೋಣೇನ್ರಿ ಅಂದ್ರ ಆ ಕೆಂಪು ಅಕ್ಷರದ ಕಡಿ ಕೈ ಮಾಡಿ ತೋರಸ್ತಾರ. ನಮಸ್ಕಾರ್ರಿ.