290ನೇ ನಂಬರಿನ ಹಡಗು

ಕೇಳುಗರಿಗೆ ನಮಸ್ಕಾರ.

ದೂರದಲ್ಲಿ ಎರಡು ಬಣಗಳು ಕಾದಾಡುತ್ತಿವೆ. ನಮ್ಮ ದೇಶ ಯಾರ ಕಡೆಗೂ ಇಲ್ಲ ಎಂದು ಸಾರಿದೆ. ಆದರೆ ನಮ್ಮ ವ್ಯಾಪಾರಿಯೊಬ್ಬ ಅದರಲ್ಲೊಂದು ಬಣಕ್ಕೆ ಯುದ್ಧದ ಸಾಮಾನು ಮಾರುತ್ತಾನೆ. ಹೊಣೆ ಅವನದೋ, ಸರಕಾರದ್ದೋ? ಈ ಪ್ರಶ್ನೆಗೆ ಬ್ರಿಟನ್ ಒಮ್ಮೆ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿ ದಂಡ ತೆತ್ತು ಉತ್ತರ ಕಂಡುಕೊಂಡಿತು.

1862ರ ಮಾತು. ಅಮೆರಿಕದಲ್ಲಿ ಉತ್ತರ–ದಕ್ಷಿಣಗಳ ಅಂತರ್ಯುದ್ಧ ನಡೆದಿತ್ತು. ಲಿವರ್‌ಪೂಲ್‌ನ ಎದುರು ದಡದ ಬರ್ಕನ್‌ಹೆಡ್‌ನಲ್ಲಿ, ಲೇರ್ಡ್ ಕಂಪನಿಯವರು ಹೆಸರಿಲ್ಲದ ಒಂದು ಹಡಗು ಕಟ್ಟುತ್ತಿದ್ದರು; ಕಾರ್ಖಾನೆಯ ಲೆಕ್ಕದಲ್ಲಿ ಅದು ಬರೀ 290. ಕಟ್ಟಿಸುತ್ತಿದ್ದವನು ದಕ್ಷಿಣದವರ ಏಜೆಂಟ್ ಜೇಮ್ಸ್ ಬುಲಕ್. ಯುದ್ಧನಿರತ ದೇಶಕ್ಕೆ ಹಡಗು ಸಜ್ಜುಗೊಳಿಸಬಾರದು ಎಂದು 1819ರ ಬ್ರಿಟಿಷ್ ಕಾಯ್ದೆ ಹೇಳುತ್ತಿತ್ತು. ಬುಲಕ್‌ನ ವಕೀಲರು ಅದರಲ್ಲೇ ಕಂಡಿ ಹುಡುಕಿದರು: ಹಡಗನ್ನು ಇಲ್ಲಿ ಕಟ್ಟಿ, ಫಿರಂಗಿಯನ್ನು ಬೇರೆಲ್ಲಾದರೂ ಏರಿಸಿ.

ಲಿವರ್‌ಪೂಲ್‌ನಲ್ಲಿದ್ದ ಅಮೆರಿಕದ ಕಾನ್ಸಲ್ ಥಾಮಸ್ ಡಡ್ಲಿ ಸುಮ್ಮನೆ ಕೂರಲಿಲ್ಲ. ನಾವಿಕರಿಂದ ಪ್ರಮಾಣಪತ್ರ ಬರೆಸಿದ. ಇದಕ್ಕಿಂತ ಗಟ್ಟಿ ಪ್ರಕರಣ ಸಿಗುವುದು ಕಷ್ಟ ಎಂದು ಬ್ರಿಟನ್ನಿನದೇ ಹೆಸರಾಂತ ವಕೀಲರೊಬ್ಬರು ಜುಲೈ 23ಕ್ಕೆ ಅಭಿಪ್ರಾಯ ಕೊಟ್ಟರು. ಕಾಗದಪತ್ರಗಳು ರಾಣಿಯ ಕಾನೂನು ಸಲಹೆಗಾರ ಸರ್ ಜಾನ್ ಹಾರ್ಡಿಂಗ್‌ರ ಮನೆಗೆ ಹೋದವು. ಅವರಿಗೆ ಕಾಯಿಲೆ. ಕಡತ ಅಲ್ಲೇ ಸುಮಾರು ಐದು ದಿನ ಕೊಳೆಯಿತು. ‘ತಡೆಯಿರಿ’ ಎಂಬ ಸಲಹೆ 29ಕ್ಕೆ ಬಂತು. ಅಂದೇ ಬೆಳಿಗ್ಗೆ ಹಡಗು, ಪರೀಕ್ಷೆಗೆ ಹೊರಟಿದ್ದೇವೆ ಎಂದು ತೋರಿಸಿಕೊಳ್ಳಲು ಅತಿಥಿಗಳನ್ನೂ ಹತ್ತಿಸಿಕೊಂಡು, ನದಿ ದಾಟಿ ಹೋಗಿತ್ತು. ಅತಿಥಿಗಳನ್ನು ಎಳೆದೋಣಿಯೊಂದು ವಾಪಸು ತಂದಿತು. ಹಡಗು ಬರಲಿಲ್ಲ.

ಅಜೋರ್ಸ್ ದ್ವೀಪಗಳ ಬಳಿ ಇನ್ನೊಂದು ಹಡಗಿನಿಂದ ಎಂಟು ಫಿರಂಗಿ, ಕಲ್ಲಿದ್ದಲು ಏರಿಸಿಕೊಂಡು ಅದು ‘ಅಲಬಾಮ’ ಆಯಿತು. ಎರಡು ವರ್ಷದಲ್ಲಿ ಉತ್ತರದವರ ಅರವತ್ತಕ್ಕೂ ಹೆಚ್ಚು ಹಡಗುಗಳನ್ನು ಹಿಡಿಯಿತು, ಹೆಚ್ಚಿನವನ್ನು ಸುಟ್ಟಿತು. 1864ರ ಜನವರಿಯಲ್ಲಿ ನಮ್ಮ ಮಲಬಾರ್ ತೀರದ ಅಂಚುತೆಂಗಿಗೂ ಬಂದು ಸೆರೆಯಾಳುಗಳನ್ನು ಇಳಿಸಿಹೋಯಿತು. ಅದೇ ಜೂನ್‌ನಲ್ಲಿ ಫ್ರಾನ್ಸಿನ ಶೆರ್ಬೂರ್ ಎದುರು ಮುಳುಗಿತು.

ಯುದ್ಧ ಮುಗಿದ ಮೇಲೆ ಅಮೆರಿಕ ಪರಿಹಾರ ಕೇಳಿತು. 1871ರ ವಾಷಿಂಗ್ಟನ್ ಒಪ್ಪಂದದಲ್ಲಿ ತಟಸ್ಥ ದೇಶಕ್ಕೆ ಮೂರು ನಿಯಮ ಬರೆದರು. ತಿರುಳು ಇಷ್ಟೆ: ಅನುಮಾನಕ್ಕೆ ಆಧಾರವಿದ್ದರೆ ಅಂಥ ಹಡಗನ್ನು ಸಜ್ಜುಗೊಳಿಸಲೂ ಹೊರಡಲೂ ಬಿಡಬಾರದು, ಬಂದರನ್ನು ಯುದ್ಧದ ನೆಲೆಯಾಗಿಸಬಾರದು, ಇದಕ್ಕೆಲ್ಲ ತಕ್ಕ ಎಚ್ಚರ ವಹಿಸಬೇಕು. ಜಿನೀವಾದಲ್ಲಿ ಐವರು ಪಂಚರು ಕೂತರು. ನಮ್ಮ ಕಾಯ್ದೆಯಲ್ಲೇ ಅಧಿಕಾರ ಸಾಲದಿತ್ತು ಎಂಬ ಬ್ರಿಟನ್ನಿನ ನೆಪವನ್ನು ಅವರು ಒಪ್ಪಲಿಲ್ಲ. ಅಪಾಯ ಎಷ್ಟೋ ಎಚ್ಚರವೂ ಅಷ್ಟಿರಬೇಕು ಎಂದರು. ಯುದ್ಧ ಲಂಬಿಸಿದ ಖರ್ಚನ್ನೂ ಕೊಡಿ ಎಂಬ ಅಮೆರಿಕದ ದುರಾಸೆಯ ಬೇಡಿಕೆಯನ್ನು ಮಾತ್ರ ಬದಿಗಿಟ್ಟರು. 1872ರ ಸೆಪ್ಟೆಂಬರ್ 14ರ ತೀರ್ಪು: 1 ಕೋಟಿ 55 ಲಕ್ಷ ಡಾಲರ್, ಚಿನ್ನದಲ್ಲಿ. ಬ್ರಿಟನ್ನಿನ ಪಂಚರು ಸಹಿ ಹಾಕಲಿಲ್ಲ, ಆದರೆ ಬ್ರಿಟನ್ ಹಣ ಕಟ್ಟಿತು.

ಈ ಎಚ್ಚರ ಹಡಗಿಗೆ ಮಾತ್ರ. ಪೆಟ್ಟಿಗೆಗಟ್ಟಲೆ ಬಂದೂಕು ಮಾರಿದ ವ್ಯಾಪಾರಿಗಳನ್ನು ಯಾರೂ ಕೇಳಲಿಲ್ಲ. 1907ರ ಹೇಗ್ ಒಡಂಬಡಿಕೆ ಕೂಡ, ತಟಸ್ಥ ಸರಕಾರ ತಾನೇ ಆಯುಧ ಕೊಡಬಾರದು, ಖಾಸಗಿಯವರ ರಫ್ತು ತಡೆಯಲೇಬೇಕೆಂದಿಲ್ಲ ಎಂದಿತು. ಕಾನೂನು ಅಲ್ಲಿಗೆ ನಿಂತಿತು. ನೀತಿ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮ್ಯಾಂಚೆಸ್ಟರ್‌ನಲ್ಲಿ ನೋಡಬಹುದು. ಅಮೆರಿಕದ ಹತ್ತಿ ನಿಂತು ಗಿರಣಿ ಮುಚ್ಚಿದ್ದರೂ, 1862ರ ಕೊನೆಯ ದಿನ ಅಲ್ಲಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಉತ್ತರದವರ ನಾಯಕ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಅದೇ ಕೊರತೆ ಧಾರವಾಡದ ಹತ್ತಿಗೆ ಬೆಲೆ ತಂದಿತ್ತು. ಆ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಲೆಂದೇ ಉತ್ತರ ಕನ್ನಡವನ್ನು 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರು.

ಖಾಸಗಿ ರಫ್ತಿನ ಆ ಸಡಿಲ ಈಗ ಅಷ್ಟಿಲ್ಲ. 2014ರಲ್ಲಿ ಜಾರಿಗೆ ಬಂದ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ ಪ್ರಕಾರ, ನರಮೇಧಕ್ಕೆ ಬಳಕೆಯಾಗುತ್ತದೆಂದು ಗೊತ್ತಿದ್ದೂ ಅದಕ್ಕೆ ಸೇರಿದ ದೇಶ ಪರವಾನಗಿ ಕೊಡುವಂತಿಲ್ಲ. ಭಾರತ ಅದಕ್ಕೆ ಸಹಿ ಹಾಕಿಲ್ಲ. ನಮ್ಮಲ್ಲಿರುವುದು ರಫ್ತಿಗೆ ಪರವಾನಗಿ ಬೇಕಾದ ಸೂಕ್ಷ್ಮ ಸರಕುಗಳ ‘ಸ್ಕೋಮೆಟ್’ ಪಟ್ಟಿ, ಅದಕ್ಕೆ ಬೆನ್ನಾಗಿ 1992ರ ವಿದೇಶಿ ವ್ಯಾಪಾರ ಕಾಯ್ದೆ. ಸೇನಾ ಸಾಮಗ್ರಿ ಬರುವುದು ಆ ಪಟ್ಟಿಯ 6ನೇ ವರ್ಗದಲ್ಲಿ. ಅದರ ಪರವಾನಗಿ ರಕ್ಷಣಾ ಉತ್ಪಾದನಾ ಇಲಾಖೆಯದು. ಅರ್ಜಿಯ ಜೊತೆ ಅಂತಿಮ ಬಳಕೆದಾರನ ಪ್ರಮಾಣಪತ್ರ ಬೇಕು. ಎಡವಟ್ಟಾಗುವುದು ಇಲ್ಲೇ: ಕೊಳ್ಳುವವನು ದಲ್ಲಾಳಿ, ಬಳಸುವವನು ಮೂರನೆಯವನು, ಕಾಗದದಲ್ಲಿ ದಲ್ಲಾಳಿಯ ಹೆಸರಷ್ಟೇ ಇದ್ದರೆ ಸರಕು ಎಲ್ಲಿಗೆ ಹೋಯಿತೆಂದು ಹೇಳುವವರಿರುವುದಿಲ್ಲ. ಇನ್ನು ಅಣ್ವಸ್ತ್ರ, ರಾಸಾಯನಿಕ ಅಸ್ತ್ರಗಳ ತಯಾರಿಗೆ ಹೋಗುತ್ತದೆಂದು ರಫ್ತುದಾರನಿಗೆ ಗೊತ್ತಿದ್ದರೆ, ಪಟ್ಟಿಯಲ್ಲಿಲ್ಲದ ಮಾಮೂಲಿ ಪಂಪು, ಕವಾಟಕ್ಕೂ ಅವನು ಪರವಾನಗಿ ಕೇಳಬೇಕು.

ನಮಸ್ಕಾರ.